ಹರಟೆಗೂಡು ಖಾಲಿಯಾದ ಭಾನುವಾರ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಎರಡು ನಿಮಿಷಕ್ಕೆ ನಾನು ಬ್ಲಾಗು ತೆರೆದೆ. ಬ್ಲಾಗು ಇರಲಿಲ್ಲ.

ಪರದೆಯ ಮೇಲೆ ಒಂದೇ ಸಾಲು. ‘ಸ್ವಾಗತ! ನಿಮ್ಮ ಹೊಸ ಬ್ಲಾಗಿಗೆ ಒಂದು ಹೆಸರು ಕೊಡಿ.’

ಹೊಸ ಬ್ಲಾಗಾ? ನಾಲ್ಕು ವರ್ಷದ ಹರಟೆಗೂಡು ಎಲ್ಲಿ ಹೋಯಿತು? ಇನ್ನೊಮ್ಮೆ ರಿಫ್ರೆಶ್ ಮಾಡಿದೆ. ಅದೇ ಸ್ವಾಗತ. ಮತ್ತೊಮ್ಮೆ. ಮತ್ತೂ ಸ್ವಾಗತ. ಈ ಕಂಪ್ಯೂಟರಿಗೆ ನನ್ನನ್ನು ಕಂಡರೆ ಇಷ್ಟು ಪ್ರೀತಿ ಯಾವತ್ತೂ ಇರಲಿಲ್ಲ.

“ಏನಾಯ್ತು ಸ್ನೇಹಲ್?” ನಮಿತಾ ಮೇಡಂ ನನ್ನ ಹೆಗಲ ಮೇಲಿಂದ ಬಗ್ಗಿದರು. ಅವರು ನಮ್ಮ ಚೆಂಬೂರಿನ ಕಡಲಂಚು ಕನ್ನಡ ಬಳಗದ ಕಾರ್ಯದರ್ಶಿ. ನಾನು ಬಿಎಸ್ಸಿ ಐಟಿ ಎರಡನೇ ವರ್ಷ. ಜನವರಿಯಿಂದ ಬಳಗದ ಬ್ಲಾಗು ನೋಡಿಕೊಳ್ಳುವ ಸ್ವಯಂಸೇವಕಿ. ಮುಂಬಯಿಯ ಯಾವ ಕನ್ನಡಿಗರಾದರೂ ಹರಟೆಗೂಡಿನಲ್ಲಿ ಖಾತೆ ತೆರೆದು ಬರೆಯಬಹುದು. ಬರೆಯಬಹುದಿತ್ತು.

“ಎಲ್ಲಾ ಹೋಗೇತಿ ಮೇಡಂ.”

“ಎಲ್ಲಾ ಅಂದ್ರೆ?”

“ಎಲ್ಲಾ ಅಂದ್ರ ಎಲ್ಲಾ.”

ನಮ್ಮ ಹಿಂದೆ ಮಡಚುವ ಕುರ್ಚಿಯ ತುದಿಯಲ್ಲಿ ಒಬ್ಬರು ಕೂತಿದ್ದರು. ಚೆನ್ನಯ. ಬೈಕುಲ್ಲಾದ ಒಂದು ಹೋಟೆಲಿನಲ್ಲಿ ಅಡುಗೆಯವರು. ವಯಸ್ಸು ಅರವತ್ತರ ಹತ್ತಿರ, ಎರಡೂ ಮುಂಗೈಯಲ್ಲಿ ಎಣ್ಣೆ ಸಿಡಿದ ಕಲೆಗಳು. ಅವರಿಗಾಗಿಯೇ ನಾವು ರಜೆಯ ದಿನ ಆಫೀಸು ತೆರೆದದ್ದು.

ವಿಷಯ ಇಷ್ಟು. ಅವತ್ತು ಸಂಜೆ ಐದಕ್ಕೆ ಪಕ್ಕದ ಹಾಲ್‌ನಲ್ಲಿ ಪುಸ್ತಕ ಬಿಡುಗಡೆ. ‘ಆರು ಉರಿಯ ಒಲೆ’, ಹೋಟೆಲ್ ಬದುಕಿನ ಅನುಭವಗಳು, ಲೇಖಕರು ಬಳಗದ ಉಪಾಧ್ಯಕ್ಷ ಪ್ರಶಾಂತ ಸರ್. ಅದರ ಮೊದಲ ಅಧ್ಯಾಯ ಶನಿವಾರ ವಾಟ್ಸಾಪಿನಲ್ಲಿ ತಿರುಗಿತ್ತು. ಚೆನ್ನಯ ಓದಿದ್ದರು. ಓದಿ ನಮಿತಾ ಮೇಡಂಗೆ ಫೋನ್ ಮಾಡಿ ಹೇಳಿದ್ದರು, ಅದು ನಾನು ಬರೆದದ್ದು, ಮೂರು ವರ್ಷದ ಹಿಂದೆ ನಿಮ್ಮದೇ ಬ್ಲಾಗಿನಲ್ಲಿ ‘ಸೌಟು’ ಅಂತ ಹೆಸರಿಟ್ಟುಕೊಂಡು ಹನ್ನೊಂದು ಕಂತು ಹಾಕಿದ್ದೇನೆ, ಬೇಕಾದರೆ ನೋಡಿ.

ನೋಡಲು ಕೂತೆವು. ನೋಡಲು ಏನೂ ಇರಲಿಲ್ಲ.

“ನಿಮ್ಮತ್ರ ಕಾಪಿ ಐತೇನ್ರಿ?” ಕೇಳಿದೆ.

“ಕಾಪಿ ಎಂತ ಮಾರಾಯ್ತಿ. ಫೋನಿನಲ್ಲೇ, ಆ ಪೆಟ್ಟಿಗೆಯೊಳಗೇ ಬರೀತಿದ್ದೆ, ಒತ್ತುತ್ತಿದ್ದೆ. ಅಲ್ಲೇ ಇರ್ತದಲ್ಲ ಅಂತ.” ಅವರು ಖಾಲಿ ಪರದೆ ನೋಡಿದರು. “ನಲ್ವತ್ತು ವರ್ಷ ಆಯ್ತು ನಾನು ಈ ಊರಿಗೆ ಬಂದು. ರೇಷನ್ ಕಾರ್ಡು ಬಿಟ್ರೆ ಎಲ್ಲಿಯೂ ನನ್ನ ಹೆಸರು ಪ್ರಿಂಟ್ ಆದದ್ದಿಲ್ಲ. ಈಗ ಆಗ್ತಾ ಉಂಟು, ಬೇರೆಯವರ ಹೆಸರಲ್ಲಿ.”

ಗೋಡೆಯ ಗಡಿಯಾರ ಹತ್ತೂ ಹತ್ತು ತೋರಿಸುತ್ತಿತ್ತು. ಏಳು ಗಂಟೆ ಉಳಿದಿರಲಿಲ್ಲ. ನನ್ನ ಕಾಲು ಮೇಜಿನ ಕೆಳಗೆ ತಾನಾಗಿಯೇ ಕುಣಿಯತೊಡಗಿತು.

* * *

ಬಸು ಇಪ್ಪತ್ತು ನಿಮಿಷದಲ್ಲಿ ಬಂದ. ವಿಜಯಪುರದವನು, ರಿಫೈನರಿಯ ಆಫೀಸಿನಲ್ಲಿ ಕೆಲಸ, ಶನಿವಾರ ಬ್ಲಾಗಿನ ಸೇವೆ. ಬಂದವನೇ ಪರದೆ ನೋಡಿ ನೆಲದ ಮೇಲೆ ಕೂತ.

“ನಾನಽ ಮಾಡೀನಿ. ನಿನ್ನಿ ಅಪ್‌ಡೇಟ್ ಹಾಕಿದ್ದೆ. ನನ್ನ ಕೈಯಾಗಽ ಸತ್ತೈತಿ.”

“ಹಾಕಿದ್ಮ್ಯಾಲ ತೆರೆದು ನೋಡಿದ್ಯೋ ಇಲ್ಲೋ?”

“ನೋಡಿದ್ದೆ. ಛಲೋ ಇತ್ತು. ಆದ್ರ ಫೋನ್ ಒಮ್ಮೊಮ್ಮೆ ಹಳೇ ಪೇಜ್ ತೋರಸ್ತೈತಿ, ಹೌದಿಲ್ಲೊ?”

“ಅಪ್‌ಡೇಟ್ ಮಾಡಿದ್ರೆ ಎಲ್ಲ ಅಳಿಸಿ ಹೋಗ್ತದಾ?” ನಮಿತಾ ಮೇಡಂ ಕೇಳಿದರು.

ಹೋಗಬಾರದು. ನಮ್ಮ ಬ್ಲಾಗು ಈ ಆಫೀಸಿನ ಕಂಪ್ಯೂಟರಿನಲ್ಲೇ, ಎರಡು ಕಂಟೇನರುಗಳಲ್ಲಿ ಓಡುತ್ತದೆ. ಡಬ್ಬಿ ಅಂದುಕೊಳ್ಳಿ. ಒಂದು ಡಬ್ಬಿಯಲ್ಲಿ ಬ್ಲಾಗಿನ ಅಂಗಡಿ. ಇನ್ನೊಂದರಲ್ಲಿ ಡೇಟಾಬೇಸ್, ಅಂದರೆ ಲೆಕ್ಕ ಇಡುವ ಗುಮಾಸ್ತ. ಜನ ಬರೆದದ್ದು ಮಾತ್ರ ಎರಡು ಡಬ್ಬಿಯಲ್ಲೂ ಇರುವುದಿಲ್ಲ. ಅದಕ್ಕೆ ಹೊರಗೊಂದು ಗೋದಾಮು, ವಾಲ್ಯೂಮ್ ಅನ್ನುತ್ತಾರೆ. ಅಪ್‌ಡೇಟ್ ಅಂದರೆ ಹಳೆ ಡಬ್ಬಿ ಎಸೆದು ಹೊಸ ಡಬ್ಬಿ ಇಡುವುದು. ಗೋದಾಮು ಇದ್ದಲ್ಲೇ ಇರುತ್ತದೆ. ಆದರೆ ಅದೇ ಕಮಾಂಡಿನಲ್ಲಿ ಒಂದು ಅಕ್ಷರ ಹೆಚ್ಚು ಹೊಡೆದರೆ ಗೋದಾಮೂ ಡಬ್ಬಿಯ ಜೊತೆ ಕಸಕ್ಕೆ. ಆ ಒಂದು ಅಕ್ಷರ ತಾನು ಹೊಡೆದೆನೋ ಇಲ್ಲವೋ, ಬಸುಗೆ ನೆನಪಿಲ್ಲ.

ಹನ್ನೊಂದರ ಹೊತ್ತಿಗೆ ಹಿತೇಶ್ ಬಂದ. ಹರಟೆಗೂಡನ್ನು ಕಟ್ಟಿದವನೇ ಅವನು. ಬಾಂದ್ರಾದ ಕಂಪನಿಯಲ್ಲಿ ಕೆಲಸ, ಅಪ್ಪ ಅಮ್ಮ ಮಂಗಳೂರಿನವರು, ಕನ್ನಡ ಮಾತ್ರ ಸ್ವಲ್ಪ ಕುಂಟುತ್ತದೆ.

“ಅರೇ ಯಾರ್, ಟೆನ್ಶನ್ ಬೇಡ. ಲಾಗ್ ನೋಡೋಣ.” ಕೂತು ಎರಡು ಸಾಲು ಟೈಪ್ ಮಾಡಿ, ಡಬ್ಬಿ ತಾನೇ ಬರೆದಿಡುವ ದಿನಚರಿ ತೆರೆದ. “ಯೇ ದೇಖೋ. ಖಾಲಿ ಡೇಟಾಬೇಸ್ ಹೊಸದಾಗಿ ಶುರು ಆಗಿದ್ದು ಸ್ಯಾಟರ್ಡೇ ಹದಿಮೂರು ಸೊನ್ನೆ ಐದು. ಒಂದೂ ಐದು. ಬಸು, ನೀನು ಎಷ್ಟೊತ್ತಿಗೆ ಇದ್ದೆ?”

ಬಸು ಬಾಗಿಲ ಕಡೆ ನೋಡಿದ. ಬಾಗಿಲ ಬಳಿಯ ರಿಜಿಸ್ಟರ್ ಮಾತಾಡಿತು. ಬಂದದ್ದು ಹನ್ನೆರಡೂವರೆ. ಹೋದದ್ದು ಒಂದೂವರೆ.

“ಬ್ಯಾಕಪ್?” ಕೇಳಿದೆ.

“ಆ ಡಿಸ್ಕ್ ಗಣಪತಿ ಟೈಮಲ್ಲೇ ಕೆಟ್ಟೋಯ್ತು. ಹೊಸದು ತರ್ಬೇಕಿತ್ತು.” ಅವನು ಬಸುವಿನ ಬೆನ್ನು ತಟ್ಟಿದ. “ಹೋತಾ ಹೈ. ಆಕ್ಸಿಡೆಂಟ್. ಯಾರೂ ನಿನಗೆ ಬೈಯಲ್ಲ. ಫ್ರೆಶ್ ಆಗಿ ಇನ್ಸ್ಟಾಲ್ ಮಾಡಿಬಿಡೋಣ, ಸಂಜೆ ಜನ ಬರ್ತಾರೆ.”

“ಆ ‘ಸೌಟು’ ಯಾರು ಅಂತ ನಿನಗೆ ಗೊತ್ತಿರ್ಬೇಕಲ್ಲ?” ನಮಿತಾ ಮೇಡಂ ಕೇಳಿದರು.

ಹಿತೇಶ್ ಚೆನ್ನಯರ ಕಡೆ ನೋಡದೆ ಹೇಳಿದ. “ಅದು ಪ್ರಶಾಂತ ಸರ್‌ದೇ ಪೆನ್‌ನೇಮ್, ಮೇಡಂ. ಅವರು ಹೇಳ್ತಿದ್ರು, ನಾನು ಹಾಕ್ತಿದ್ದೆ. ಅಂಕಲ್‌ಗೆ ಏನೋ ಕನ್‌ಫ್ಯೂಶನ್.”

ಚೆನ್ನಯ ಎದ್ದರು. ಕುರ್ಚಿ ಮಡಚಿ ಗೋಡೆಗೆ ಒರಗಿಸಿದರು.

“ಊಟದ ಹೊತ್ತಾಯ್ತು. ನಾನು ಹೋಗದಿದ್ರೆ ಸಾಂಬಾರ್ ಆಗ್ಲಿಕ್ಕಿಲ್ಲ.”

ಅಷ್ಟೇ. ಜಗಳ ಇಲ್ಲ, ಕೂಗಾಟ ಇಲ್ಲ. ಜಗಳ ಮಾಡಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

* * *

ಹಿತೇಶ್ ಹಾಲ್‌ನ ಮೈಕ್ ನೋಡಲು ಹೋದ. ನಮಿತಾ ಮೇಡಂ ಹೂವಿನವನ ಜೊತೆ ಫೋನಿನಲ್ಲಿದ್ದರು. ಬಸು ನೆಲದ ಮೇಲೇ ಇದ್ದ. ನಾನು ಕಂಪ್ಯೂಟರಿನ ಮುಂದೆ ಕೂತೆ, ಎದ್ದೆ, ಕಿಟಕಿಗೆ ಹೋದೆ, ಮತ್ತೆ ಕೂತೆ. ನನ್ನ ಬೆರಳಿಗೆ ಒಂದು ರೋಗವಿದೆ. ಸುಮ್ಮನಿರಲಾಗದಿದ್ದರೆ ರಿಫ್ರೆಶ್ ಒತ್ತುತ್ತದೆ.

ಒತ್ತಿದೆ. ಪರದೆಯ ಇನ್ನೊಂದು ವಿಂಡೋದಲ್ಲಿ ಹಿತೇಶ್ ತೆರೆದಿಟ್ಟಿದ್ದ ಲಾಗ್ ಹಾಗೇ ಇತ್ತು. ಕೊನೆಗೆ ಒಂದು ಹೊಸ ಸಾಲು ಬಂತು. ಯಾರೋ ಬಾಗಿಲು ತಟ್ಟಿದರು ಅಂತ ಡಬ್ಬಿ ಬರೆದುಕೊಂಡಿತ್ತು. ತಟ್ಟಿದ್ದು ನಾನೇ.

ಮತ್ತೆ ಒತ್ತಿದೆ. ಇನ್ನೊಂದು ಸಾಲು. ಅದರ ಪಕ್ಕದಲ್ಲಿ ಸಮಯ. ಐದು ಐವತ್ತೆರಡು.

ಗೋಡೆ ಗಡಿಯಾರ ನೋಡಿದೆ. ಹನ್ನೊಂದೂ ಇಪ್ಪತ್ತೆರಡು.

“ಬಸು, ಎದ್ದೇಳು.”

“ಬಿಡ ನನ್ನ.”

“ಎದ್ದೇಳೋ! ಈಗ ಟೈಮ್ ಎಷ್ಟು?”

“ಹನ್ನೊಂದು ಇಪ್ಪತ್ತೆರಡು.”

“ಡಬ್ಬಿ ಒಳಗ ಎಷ್ಟೈತಿ ನೋಡು.”

ಅವನು ನೋಡಿದ. ಕಣ್ಣು ಸಣ್ಣದು ಮಾಡಿದ. ಬೆರಳು ಮಡಚಿ ಎಣಿಸಿದ. ಐದೂವರೆ ತಾಸಿನ ವ್ಯತ್ಯಾಸ. ಡಬ್ಬಿಯೊಳಗಿನ ಗಡಿಯಾರ ಮುಂಬಯಿಯದಲ್ಲ, ಲಂಡನ್ನಿನದು. ಯಾರೂ ತಿದ್ದದಿದ್ದರೆ ಕಂಟೇನರುಗಳು ಹಾಗೇ ಇರುತ್ತವೆ.

“ಹಂಗಾರ ಹದಿಮೂರು ಸೊನ್ನೆ ಐದು ಅಂದ್ರ…”

“ಸಂಜಿ ಆರು ಮೂವತ್ತೈದು. ನೀ ಆಗ ಎಲ್ಲಿದ್ದಿ?”

“ಮಾನಖುರ್ದ್‌ನಾಗ. ಅತ್ತಿ ಮನ್ಯಾಗ. ಇಪ್ಪತ್ತು ಮಂದಿ ಸಾಕ್ಷಿ ಅದಾರು, ನಾಕು ಪುರಿ ಹೆಚ್ಚು ತಿಂದಿದ್ದಕ್ಕ ಈಗೂ ಬೈಯಾಕತ್ತಾರ!”

ಅವನ ಮುಖಕ್ಕೆ ಬಣ್ಣ ಬಂತು. ನನಗೆ ಬೆವರು ಬಂತು. ಒಂದು ಗಂಟೆಗೆ ಆಗಿದ್ದರೆ ಅದು ಅಪಘಾತ. ಚೆನ್ನಯ ಇನ್ನೂ ಫೋನ್ ಮಾಡಿರದ ಹೊತ್ತು, ಯಾರಿಗೂ ಯಾವ ಕಾರಣವೂ ಇರಲಿಲ್ಲ. ಆರೂವರೆಗೆ ಆಗಿದ್ದರೆ?

ನಮಿತಾ ಮೇಡಂ ಫೋನ್ ಇಟ್ಟ ಕೂಡಲೇ ಹಿಡಿದೆ.

“ಮೇಡಂ, ಚೆನ್ನಯ ಅವರು ನಿಮಗ ಎಷ್ಟೊತ್ತಿಗೆ ಫೋನ್ ಮಾಡಿದ್ರು?”

“ನಾಲ್ಕಕ್ಕೆ. ಅವರಿಗೆ ಐದು ನಿಮಿಷ ಬಿಡುವು ಆಗಲೇ ಸಿಕ್ಕಿದ್ದಂತೆ.”

“ನೀವು ಯಾರಿಗೆ ಹೇಳಿದ್ರಿ?”

“ಐದು ಗಂಟೆಗೆ ಪ್ರಶಾಂತ ಸರ್‌ಗೆ. ಆಮೇಲೆ ಹಿತೇಶ್‌ಗೆ, ನಾಳೆ ಬ್ಲಾಗು ತೋರಿಸ್ಬೇಕು ಅಂತ. ಯಾಕೆ?”

“ಈ ರೂಮಿನ ಕೀ?”

“ಬಸು ಕೊಟ್ಟ ಮೇಲೆ ನನ್ನ ಪರ್ಸಿನಲ್ಲೇ ಇತ್ತು. ನಾನು ಎಂಟರ ತನಕ ಹಾಲ್‌ನಲ್ಲಿ ಪ್ರಶಾಂತ ಸರ್ ಜೊತೆ ರಿಹರ್ಸಲ್. ಅವರು ಭಾಷಣ ಆರು ಸಲ ಓದಿದ್ರು, ಆರು ಸಲ ಕೇಳಿದೆ. ಏನಮ್ಮಾ ನೀನು, ಪೊಲೀಸಾ?”

ಅಂದರೆ ಆರೂ ಮೂವತ್ತೈದಕ್ಕೆ ರೂಮಿಗೆ ಬೀಗ. ಕೀಲಿ ಪರ್ಸಿನಲ್ಲಿ. ಪರ್ಸು ಹಾಲ್‌ನಲ್ಲಿ. ಪ್ರಶಾಂತ ಸರ್ ಕೂಡ ಹಾಲ್‌ನಲ್ಲಿ. ಈ ಕಂಪ್ಯೂಟರಿನ ಕೀಬೋರ್ಡನ್ನು ಯಾರೂ ಮುಟ್ಟಿರಲು ಸಾಧ್ಯವಿಲ್ಲ. ಹೊರಗಿನಿಂದ, ಇಂಟರ್‌ನೆಟ್ ಮೂಲಕ ಇದರೊಳಗೆ ಬರುವ ಹಕ್ಕು ಒಬ್ಬನಿಗೆ ಮಾತ್ರ ಇತ್ತು.

ಆದರೆ ಅವನಿಗೆ ಡಬ್ಬಿಯ ಗಡಿಯಾರದ ವಿಷಯ ಗೊತ್ತಿರಲಿಲ್ಲವೇನೋ? ನಮ್ಮ ಹಾಗೆ ಅವನೂ ಮೋಸ ಹೋದನೇನೋ? ಸ್ವಯಂಸೇವಕರ ವಾಟ್ಸಾಪ್ ಗುಂಪು ತೆರೆದು ‘ಲಂಡನ್’ ಅಂತ ಹುಡುಕಿದೆ. ನಾನು ಸೇರಿದ ವಾರವೇ ಬಂದಿದ್ದ, ನಾನು ಓದದೇ ಬಿಟ್ಟಿದ್ದ ಒಂದು ಉದ್ದ ಮೆಸೇಜು ಸಿಕ್ಕಿತು. ‘ಲಾಗ್‌ನಲ್ಲಿ ಲಂಡನ್ ಟೈಮ್ ಬರುತ್ತೆ ದೋಸ್ತ್, ಐದೂವರೆ ಸೇರಿಸಿಕೊಳ್ಳಿ, ಮರೀಬೇಡಿ.’

ಕಳಿಸಿದವನು ಹಿತೇಶ್.

* * *

ಕಳ್ಳ ಸಿಕ್ಕ. ಮಾಲು?

ಮಾಲು ಇಲ್ಲದಿದ್ದರೆ ಚೆನ್ನಯರಿಗೆ ಏನು ಬಂತು? ಹಿತೇಶ್ ಅಳಿಸಿದ ಅಂತ ಸಾಬೀತಾದರೂ ಅಳಿಸಿದ್ದರಲ್ಲಿ ಏನಿತ್ತು ಅಂತ ಸಾಬೀತಾಗುವುದಿಲ್ಲ. ಹನ್ನೆರಡಾಯಿತು. ಹಾಲ್‌ನಿಂದ ಮೈಕ್ ಟೆಸ್ಟಿಂಗ್ ಕೇಳುತ್ತಿತ್ತು. ಹಲೋ, ಹಲೋ, ಒನ್ ಟೂ ತ್ರೀ.

“ಕುಂದರ ಒಂದ್ ಕಡೆ,” ಅಂದ ಬಸು. “ಗಿರಗಿಟ್ಲಿ ಆಗೀದಿ.”

ಕೂತೆ. ಎದುರಿಗೆ ಮಾನಿಟರಿನ ಅಂಚು. ಅಂಚಿಗೆ ಹಳದಿ ಚೀಟಿಗಳ ಸಾಲು. ಅದು ಬಸುವಿನ ಪದ್ಧತಿ. ಕಂಪ್ಯೂಟರ್ ಹಳೆಯದು, ಡಿಸ್ಕ್ ತುಂಬಿ ತುಂಬಿ ನಿಲ್ಲುತ್ತದೆ. ಹಾಗಾಗಿ ಪ್ರತಿ ಶನಿವಾರ ಎಷ್ಟು ಜಾಗ ಉಳಿದಿದೆ ಅಂತ ಬರೆದು ಅಂಟಿಸಿ ಹೋಗುತ್ತಾನೆ. ಹಿತೇಶ್ ಯಾವಾಗಲೂ ನಗುತ್ತಿದ್ದ, ಮಾನಿಟರಿಗೆ ಬಾಸಿಂಗ ಕಟ್ಟಿದ್ದೀಯಾ ಅಂತ.

ಕೊನೆಯ ಚೀಟಿ ನಿನ್ನೆಯದು. ‘ಖಾಲಿ ಜಾಗ ಒಂಬತ್ತು ಜಿಬಿ.’

“ಬಸು, ಹರಟೆಗೂಡಿನ ಗೋದಾಮು ಎಷ್ಟು ದೊಡ್ಡದು?”

“ಫೋಟೋ ಗೀಟೋ ಸೇರಿ ಹದಿನಾಲ್ಕು.”

“ಅದನ್ನ ಅಳಿಸಿದ್ರ ಖಾಲಿ ಜಾಗ ಎಷ್ಟಾಗಬೇಕು?”

“ಒಂಬತ್ತು, ಹದಿನಾಲ್ಕು… ಇಪ್ಪತ್ಮೂರು.”

ಟೈಪ್ ಮಾಡಿದೆ. ಉತ್ತರ ಬಂತು. ಖಾಲಿ ಜಾಗ ಒಂಬತ್ತಕ್ಕೆ ತುಸು ಕಡಿಮೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಮನೆ ಖಾಲಿ ಅನ್ನುತ್ತಾರೆ, ಒಳಗೆ ಕಾಲಿಡಲು ಜಾಗವಿಲ್ಲ. ಸಾಮಾನು ಒಳಗೇ ಇದೆ!

ಗೋದಾಮುಗಳ ಪಟ್ಟಿ ತೆಗೆದೆ. ಒಂದಿರಬೇಕಾದಲ್ಲಿ ಎರಡು. ‘ಹರಟೆ’ ಅಂತ ಒಂದು, ‘ಹರಟೆ-೧’ ಅಂತ ಇನ್ನೊಂದು. ಹೊಸದು ಹುಟ್ಟಿದ ಸಮಯ, ಈ ಸಲ ಕಂಪ್ಯೂಟರಿನ ಸ್ವಂತ ಗಡಿಯಾರದ ಪ್ರಕಾರ, ಶನಿವಾರ ಸಂಜೆ ಆರು ಮೂವತ್ತೈದು.

ಆಗ ಅರ್ಥವಾಯಿತು. ಡಬ್ಬಿಗಳ ಯಜಮಾನ ಸಾಫ್ಟ್‌ವೇರು ಗೋದಾಮಿಗೆ ಹೆಸರಿಡುವುದು ನಮ್ಮನ್ನು ಕೇಳಿ ಅಲ್ಲ. ಕೆಲಸದ ಫೋಲ್ಡರಿನ ಹೆಸರು ಏನಿದೆಯೋ ಅದನ್ನೇ ಇಡುತ್ತದೆ. ಫೋಲ್ಡರಿನ ಹೆಸರು ಚೂರು ಬದಲಾಯಿಸಿದರೆ ಅದಕ್ಕೆ ಹಳೆಯದು ಕಾಣುವುದೇ ಇಲ್ಲ. ಹೊಸ ಮನೆ ಅಂದುಕೊಂಡು ಹೊಸ ಖಾಲಿ ಗೋದಾಮು ಕಟ್ಟಿ, ಸ್ವಾಗತ ಅಂತ ಬೋರ್ಡು ಹಾಕುತ್ತದೆ.

ಫೋಲ್ಡರ್ ನೋಡಿದೆ. ಹೆಸರಿನ ಕೊನೆಗೆ ಒಂದು ಪುಟ್ಟ ‘-೧’.

ಅದನ್ನು ಅಳಿಸಿದೆ. ಡಬ್ಬಿಗಳನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದೆ. ಹತ್ತು ಸೆಕೆಂಡ್. ಇಪ್ಪತ್ತು. ನನ್ನ ಉಗುರುಗಳ ಗತಿ ಕೇಳಬೇಡಿ.

ಪುಟ ತೆರೆಯಿತು. ನಾಲ್ಕು ವರ್ಷದ ಹರಟೆ, ಒಂದೂ ಕಡಿಮೆಯಿಲ್ಲ. ‘ಸೌಟು’, ಹನ್ನೊಂದು ಕಂತು.

ಬಸು ನಮಿತಾ ಮೇಡಂ ಫ್ಲಾಸ್ಕಿನ ಚಹಾ ಅಷ್ಟೂ ಕುಡಿದುಬಿಟ್ಟ.

* * *

ಹಾರ್ಬರ್ ಲೈನಿಗೆ ಭಾನುವಾರದ ಮೆಗಾಬ್ಲಾಕ್, ಹಳಿ ರಿಪೇರಿ, ರೈಲಿಲ್ಲ. ಬಸ್ಸಿನಲ್ಲಿ ಕುರ್ಲಾ, ಅಲ್ಲಿಂದ ಸ್ಲೋ ಲೋಕಲ್. ಬೈಕುಲ್ಲಾ ತಲುಪಿದಾಗ ಎರಡೂವರೆ. ಹೋಟೆಲಿನ ಅಡುಗೆಮನೆಯ ಬಾಗಿಲಲ್ಲಿ ಹಬೆ. ಹಬೆಯೊಳಗೆ ಚೆನ್ನಯ.

“ಸಿಕ್ಕೇತ್ರಿ! ಎಲ್ಲಾ ಸಿಕ್ಕೇತಿ! ನಡೀರಿ ಚೆಂಬೂರಿಗೆ.”

“ನಿಲ್ಲು ಮಾರಾಯ್ತಿ, ಕೊನೆಯ ಪಂಕ್ತಿ ಉಂಟು.”

“ಐದಕ್ಕ ಬಿಡುಗಡೆ ಐತ್ರಿ!”

“ಹಸಿದವನಿಗೆ ಬಿಡುಗಡೆ ಉಂಟಾ?” ಪಾತ್ರೆ ತಿರುವುತ್ತಲೇ ಕೇಳಿದರು. “ಪಾಸ್‌ವರ್ಡು ಹಳೇದೇ ನಡೀತದಾ?”

“ನೆನಪೈತಿ?”

“ಎರಡು ವರ್ಷದಿಂದ ಬ್ಲಾಗಿಗೆ ಬರ್ಲಿಕ್ಕೆ ಆಗ್ಲಿಲ್ಲ. ಜೊತೆಯ ಅಡುಗೆಯವ ಬಿಟ್ಟು ಹೋದ, ಮಧ್ಯಾಹ್ನದ ಬಿಡುವು ಹೋಯ್ತು. ಪಾಸ್‌ವರ್ಡು ಎಲ್ಲಿ ಮರೀತದೆ.”

ನಾನು ಬಾಗಿಲಿಗೂ ಫುಟ್‌ಪಾತಿಗೂ ನಡುವೆ ಒಂದು ಇಪ್ಪತ್ತು ಸಲ ತಿರುಗಿದೆ. ಮೂರೂ ಹತ್ತಕ್ಕೆ ಅವರು ಕೈ ತೊಳೆದರು.

* * *

ನಾಲ್ಕೂ ಮುಕ್ಕಾಲು. ಹಾಲ್‌ನ ವೇದಿಕೆಯ ಹಿಂದಿನ ಸಣ್ಣ ಕೋಣೆ. ಪ್ರಶಾಂತ ಸರ್ ರೇಷ್ಮೆ ಜುಬ್ಬಾದಲ್ಲಿ ಕನ್ನಡಿ ನೋಡುತ್ತಿದ್ದರು. ಹಿತೇಶ್ ಪುಸ್ತಕದ ಕಟ್ಟು ಎಣಿಸುತ್ತಿದ್ದ. ನಾನು, ಬಸು, ಚೆನ್ನಯ ಒಳಗೆ ಬಂದ ಮೇಲೆ ನಮಿತಾ ಮೇಡಂ ಬಾಗಿಲು ಹಾಕಿದರು.

“ಏನಮ್ಮ ಇದು? ಗೆಸ್ಟ್ ಬಂದ್ರು,” ಅಂದರು ಪ್ರಶಾಂತ ಸರ್.

“ಎರಡೇ ನಿಮಿಷ ಸರ್,” ಅಂದೆ. “‘ಸೌಟು’ ನಿಮ್ಮ ಪೆನ್‌ನೇಮ್ ಅಂತ ಹಿತೇಶ್ ಹೇಳಿದ. ಹೌದೇನ್ರಿ?”

ಅವರು ಹಿತೇಶ್ ಕಡೆ ನೋಡಿದರು. “ಯಾವ ಸೌಟು?”

ಹಿತೇಶ್ ಎಣಿಸುವುದನ್ನು ನಿಲ್ಲಿಸಿದ.

ನಾನು ಒಂದೇ ಉಸಿರಿನಲ್ಲಿ ಹೇಳಿದೆ. ಲಾಗಿನ ಹದಿಮೂರು ಸೊನ್ನೆ ಐದು ಲಂಡನ್ ಟೈಮು. ಇಲ್ಲಿಯ ಸಂಜೆ ಆರು ಮೂವತ್ತೈದು. ಚೆನ್ನಯರ ದೂರು ನಿಮ್ಮಿಬ್ಬರ ಕಿವಿಗೆ ಬಿದ್ದು ಒಂದೂವರೆ ತಾಸು ಆಗಿತ್ತು. ರೂಮಿಗೆ ಬೀಗ, ಕೀಲಿ ಮೇಡಂ ಹತ್ತಿರ, ಮೇಡಂ ಸರ್ ಹತ್ತಿರ. ಒಳಗೆ ಬರಬಹುದಾದವನು ಹೊರಗಿನಿಂದ ಬರುವವನು ಮಾತ್ರ. ಲಂಡನ್ ಟೈಮಿನ ವಿಷಯ ನಮಗೆಲ್ಲ ಹೇಳಿಕೊಟ್ಟವನೇ ಇವತ್ತು ಬೆಳಿಗ್ಗೆ ಅದನ್ನು ಮರೆತ ಹಾಗೆ ‘ಒಂದೂ ಐದು’ ಅಂತ ಓದಿದ. ಬಸುವಿನ ಬೆನ್ನೂ ತಟ್ಟಿದ.

“ಬಕ್ವಾಸ್. ಬಸುಗೂ ಫೋಲ್ಡರ್ ಹೆಸರು ಬದಲಾಯಿಸೋಕೆ ಬರುತ್ತೆ,” ಅಂದ ಹಿತೇಶ್.

ನಮಿತಾ ಮೇಡಂ ಅವನ ಕಡೆ ತಿರುಗಿದರು.

“ಫೋಲ್ಡರಿನ ಸುದ್ದಿ ನಾನು ಇನ್ನೂ ತೆಗೆದೇ ಇಲ್ಲ,” ಅಂದೆ.

ಬಸು ಮುಂದೆ ಬಂದ. “ಚೆನ್ನಯಣ್ಣಾರ, ನಿಮ್ಮ ಫೋನ್ ತಗೀರಿ.”

ಚೆನ್ನಯ ಕನ್ನಡಕ ಏರಿಸಿ, ದಪ್ಪ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿದರು. ಫೋನನ್ನು ಪ್ರಶಾಂತ ಸರ್ ಕಡೆ ಹಿಡಿದರು. ‘ಮರಳಿ ಸ್ವಾಗತ, ಸೌಟು.’ ಕೆಳಗೆ ಹನ್ನೊಂದು ಕಂತುಗಳು, ದಿನಾಂಕ ಸಮೇತ. ಎಲ್ಲವೂ ಮಧ್ಯಾಹ್ನ ಮೂರರಿಂದ ನಾಲ್ಕರೊಳಗೆ ಬರೆದದ್ದು.

ಪ್ರಶಾಂತ ಸರ್ ಕುರ್ಚಿಗೆ ಕುಸಿದರು. ಜುಬ್ಬಾ ಮುದುಡಿತು.

“ಹಳೇ ಹೋಟೆಲಿನವರನ್ನೆಲ್ಲ ಭೇಟಿ ಮಾಡಿ, ಮಾತಾಡಿಸಿ ಬರೆದೆ ಅಂದಿದ್ಯಲ್ಲೋ ನನಗೆ?”

“ಅಂದ್ರೆ ನೀವೂ ಬರೀಲಿಲ್ಲ,” ಅಂದರು ನಮಿತಾ ಮೇಡಂ.

ಉತ್ತರ ಹಿತೇಶ್ ಕೊಟ್ಟ.

“ಸರ್‌ಗೆ ಪುಸ್ತಕ ಬೇಕಿತ್ತು, ನಂಗೆ ಅಷ್ಟು ಕನ್ನಡ ಬರಲ್ಲ. ಎರಡು ವರ್ಷದಿಂದ ಸೌಟು ಲಾಗಿನ್ನೇ ಆಗಿರ್ಲಿಲ್ಲ. ಯಾರೂ ಕೇಳಲ್ಲ ಅಂದ್ಕೊಂಡು ಅದನ್ನೇ ಕಾಪಿ ಮಾಡಿ ಕೊಟ್ಟೆ. ಪುಸ್ತಕ ಆದ್ರೆ ಹರಟೆಗೂಡಿಗೆ ಹೊಸ ಮಶೀನ್ ಕೊಡಿಸ್ತೀನಿ ಅಂದಿದ್ರು ಸರ್. ಇವತ್ತು ಒಂದು ದಿನ ಕಳೆದ್ರೆ ನಾಳೆ ವಾಪಸ್ ಹಾಕ್ತಿದ್ದೆ. ಕಸಮ್ ಸೇ.”

“ಪೂರಾ ಅಳಿಸಿದ್ರ ನಿನಗ ಸುಲಭ ಇತ್ತು,” ಅಂದೆ. “ಯಾಕ ಅಳಿಸಲಿಲ್ಲ?”

“ನಾನೇ ಕಟ್ಟಿದ್ದು. ಕೈ ಬರ್ಲಿಲ್ಲ.”

“ಬಸುವಿನ ಕುತ್ತಿಗಿಗೆ ಮಾತ್ರ ಕೈ ಬಂತು.”

ಹೊರಗೆ ಪ್ರಾರ್ಥನೆ ಶುರುವಾಯಿತು. ನಮಿತಾ ಮೇಡಂ ಸೀರೆಯ ಸೆರಗು ಸರಿಮಾಡಿಕೊಂಡು ನೇರ ಮೈಕಿನ ಹತ್ತಿರ ಹೋದರು. ಅವರು ಭಾಷಣ ಬರೆದುಕೊಂಡಿರಲಿಲ್ಲ, ಹಾಗಾಗಿ ಚೆನ್ನಾಗಿ ಮಾತಾಡಿದರು. ನಡೆದದ್ದನ್ನು ನಡೆದ ಹಾಗೆ ಹೇಳಿದರು. ಹಾಲ್‌ನಲ್ಲಿ ಮೊದಲು ಗುಸುಗುಸು, ಆಮೇಲೆ ಗದ್ದಲ.

“ಈಗ ಲೇಖಕರು ವೇದಿಕೆಗೆ ಬರಬೇಕು.”

ಚೆನ್ನಯ ನನ್ನ ಪಕ್ಕದಲ್ಲಿ ಹಾಗೇ ನಿಂತಿದ್ದರು. ಕರೆದದ್ದು ತಮ್ಮನ್ನು ಅಂತ ಅವರಿಗೆ ಹೊಳೆಯಲಿಲ್ಲ. ನಾನು ಬೆನ್ನಿಗೆ ಕೈ ಇಟ್ಟು ನೂಕಿದೆ. ಹೋದರು. ನಮಿತಾ ಮೇಡಂ ಒಂದು ಪ್ರತಿ ಕೈಗೆ ಕೊಟ್ಟರು. ಅವರು ಮುಖಪುಟ ನೋಡಿದರು. ದೊಡ್ಡ ಅಕ್ಷರದಲ್ಲಿ ಪ್ರಶಾಂತ ಸರ್ ಹೆಸರು.

“ಒಂದು ಪೆನ್ನು ಉಂಟಾ?”

ಯಾರೋ ಕೊಟ್ಟರು. ಚೆನ್ನಯ ಮೈಕಿನ ಪಕ್ಕದ ಮೇಜಿಗೆ ಬಗ್ಗಿ, ಅಚ್ಚಾದ ಹೆಸರಿನ ಮೇಲೆ ಒಂದು ಗೆರೆ ಎಳೆದರು. ನಿಧಾನವಾಗಿ, ನಾಲಿಗೆಯ ತುದಿ ತುಟಿಗೆ ಬಂದಿತ್ತು, ಕೆಳಗೆ ತಮ್ಮ ಹೆಸರು ಬರೆದರು. ಚೆನ್ನಯ. ಪುಸ್ತಕವನ್ನು ದೂರ ಹಿಡಿದು ನೋಡಿದರು.

“ಒಂದಾಯ್ತು,” ಅಂದರು. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. “ಇನ್ನು ಎಷ್ಟು ಉಂಟು?”

ನಮಿತಾ ಮೇಡಂ ಒಳಗಿನ ಕೋಣೆಯ ಕಡೆ ನೋಡಿದರು. ಹಿತೇಶ್ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಕಟ್ಟು.

“ಇನ್ನೂರ ತೊಂಬತ್ತೊಂಬತ್ತು,” ಅಂದ.

ಚೆನ್ನಯ ಕುರ್ಚಿ ಎಳೆದುಕೊಂಡು ಕೂತರು.

“ತಾ.”